ಏಳು ನಿಮಿಷ

ಪೆಟ್ರೋಲ್ ಬಂಕಿನ ಗಲ್ಲಾದ ಹಿಂದೆ
ಸಿಗರೇಟು, ಲಾಟರಿ ಚೀಟಿಗಳ ನಡುವೆ
ಮಾತನ್ನು ಮೊಳೆಗೆ ತೂಗುಹಾಕಿದ್ದಾರೆ:
ಅರವತ್ತು ನಿಮಿಷ, ತೊಂಬತ್ತು ದಿನ,
ಇಪ್ಪತ್ತು ಡಾಲರ್ ಕೊಟ್ಟರೆ ಚಿಲ್ಲರೆ ವಾಪಸಿಲ್ಲ.
ಕಾರ್ಡಿನ ಬೆನ್ನನ್ನು ನಾಣ್ಯದಿಂದ ಕೆರೆಯುತ್ತೇನೆ,
ಏಡಿ ಸುಲಿದು ಸುಲಿದು ಬಿರಿದ ಬೆರಳಲ್ಲಿ.
ಮಾತು ಬೆಳ್ಳಿ ಅನ್ನುತ್ತಾರಲ್ಲ,
ಇಲ್ಲಿ ಬೆಳ್ಳಿ ಉದುರಿದ ಮೇಲೇ ಮಾತು.
ಹದಿನೈದು ಅಂಕಿ. ಒಂದು ತಪ್ಪಿದರೆ
ಮತ್ತೆ ಮೊದಲಿಂದ.

ಆಸ್ಟೋರಿಯಾದ ಈ ಏಡಿ ಕಾರ್ಖಾನೆಯಲ್ಲಿ
ಮಡಚುವ ಫೋನು ನನ್ನದೊಂದೇ.
"ಹೆಲ್ವಿ, ಅದು ಫೋನೋ, ಸಾಬೂನಿನ ಡಬ್ಬಿಯೋ?"
ಪಕ್ಕದ ಮೇಜಿನ ಡೆಲ್ಫೀನಾಗೆ ದಿನಾ ಅದೇ ನಗೆ.
ನಗಲಿ. ಅವಳ ಎರಡು ಫೋನು
ಉಪ್ಪುನೀರಿನ ತೊಟ್ಟಿಗೆ ಬಿದ್ದು ಸತ್ತವು.
ನನ್ನದೂ ಬಿತ್ತು, ಹೊಟ್ಟೆ ತುಂಬ ಕುಡಿಯಿತು,
ಒಂದು ರಾತ್ರಿ ಹೀಟರಿನ ಮೇಲೆ ಮಲಗಿ
ಬೆಳಗ್ಗೆ ಏನೂ ಆಗದವರ ಹಾಗೆ ಎದ್ದಿತು.
ಗ್ಲೌಸು ಬಿಚ್ಚದೆ ಗದ್ದದಿಂದಲೇ ತೆರೆಯಬಹುದು.
ಸಿಟ್ಟು ಬಂದಾಗ ಟಪ್ಪೆಂದು ಮುಚ್ಚಬಹುದು.
ಗಾಜು ಸವರಿ ಜಗಳ ಮುಗಿಸುವವರಿಗೆ
ಈ ಸುಖ ಗೊತ್ತಿಲ್ಲ.

ಬರೆಯುವುದು ಮಾತ್ರ ಕಷ್ಟ.
ಎಸ್ ಬೇಕೆಂದರೆ ಏಳನ್ನು ನಾಲ್ಕು ಸಲ ಒತ್ತಬೇಕು.
'ಸಾರಿ' ಅನ್ನಲು ಒಟ್ಟು ಹದಿನಾರು ಒತ್ತು,
'ನೋ' ಅನ್ನಲು ಐದೇ.
ನನ್ನ ಅಕ್ಕನಿಗೂ ನನಗೂ ನಡುವೆ
ಉಳಿದಿರುವುದು ಈ ಹನ್ನೊಂದರ ವ್ಯತ್ಯಾಸ.

ನಂಬರು ನನಗಿಂತ ಮೊದಲು ಎಲ್ಡನ್ ಎಂಬವನದಂತೆ.
ಅವನ ಮುಖ ಕಂಡವಳಲ್ಲ ನಾನು.
ಅವನ ಹಲ್ಲಿನ ಡಾಕ್ಟರು ಗೊತ್ತು, ಸಾಲಗಾರರು ಗೊತ್ತು,
ಗುರುವಾರ ಬೋಲಿಂಗಿಗೆ ಕರೆಯುವ
ಉಬ್ಬಸದ ದನಿಯವನೊಬ್ಬ ಗೊತ್ತು.
ಒಂದು ಸೆಕೆಂಡು ಆಡಿದರೂ ಇಡೀ ನಿಮಿಷ ಕತ್ತರಿಸುತ್ತಾರೆ;
ಎಲ್ಲರಿಗೂ ಒಂದೊಂದು ನಿಮಿಷ ಕೊಟ್ಟು ಹೇಳಿದೆ,
ನಾನು ಅವನಲ್ಲ.

ಲಾಂಗ್‌ವ್ಯೂದ ಗಿರವಿ ಅಂಗಡಿಯವನು ಮಾತ್ರ ಬಿಡಲಿಲ್ಲ.
"ಎಲ್ಡನ್, ನಿನ್ನ ಅಕಾರ್ಡಿಯನ್. ಶನಿವಾರ ಕೊನೆ."
"ಎಲ್ಡನ್ ಅಲ್ಲ, ಹೆಲ್ವಿ."
"ಸರಿ ಹೆಲ್ವಿ, ಅವನಿಗೆ ಹೇಳು."
ಮೂರು ವಾರ ಇದೇ.

ಶನಿವಾರ ಸಂಜೆ
ಅಂಚೆಚೀಟಿಯಷ್ಟಗಲದ ಹೊರಪರದೆಯಲ್ಲಿ ಬಂತು:
ಉಳಿದದ್ದು ಏಳು ನಿಮಿಷ,
ಅವಧಿ ಇಂದು ಮಧ್ಯರಾತ್ರಿ.
ಸಂಬಳ ಸೋಮವಾರ.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು,
ಸರಿಯಪ್ಪಾ,
ಆಡದಿದ್ದರೂ ಹೋಗುತ್ತದೆಂದು
ಯಾರೂ ಹೇಳಲಿಲ್ಲವಲ್ಲ.

ಅಕ್ಕನಿಗೆ ಮಾಡಬಹುದಿತ್ತು.
ಏಳು ನಿಮಿಷದಲ್ಲಿ ನಾವಿಬ್ಬರೂ
ಅಮ್ಮನ ಹೊಲಿಗೆ ಯಂತ್ರದವರೆಗೂ ತಲುಪುವುದಿಲ್ಲ.
ಹವಾಮಾನದ ನಂಬರಿಗೆ ಮಾಡೋಣವೆಂದರೆ
ಮಂಜು ಕಿಟಕಿಗೇ ಬಂದು ನಿಂತಿದೆ,
ಹಡಗೊಂದು ಅದರೊಳಗೆ ನಿಂತು ಕೊಂಬೂದುತ್ತಿದೆ.

ಲಾಂಗ್‌ವ್ಯೂಗೆ ಮಾಡಿದೆ.
"ಬಂದನಾ?"
"ಇಲ್ಲ. ಹತ್ತು ನಿಮಿಷಕ್ಕೆ ಬಾಗಿಲು ಹಾಕುತ್ತೇನೆ."
"ಅದು ಇನ್ನೂ ನುಡಿಯುತ್ತದಾ?"
ಅವನು ಸುಮ್ಮನಾದ. ನನ್ನದೊಂದು ನಿಮಿಷ
ಅವನ ಸುಮ್ಮನಿಕೆಗೇ ಹೋಯಿತು.
ಆಮೇಲೆ ಏನೋ ಭಾರದ್ದು ಮೇಜಿಗೆ ಜಾರಿದ ಸದ್ದು,
ತೊಗಲ ಪಟ್ಟಿ ಬಿಚ್ಚಿದ ಸದ್ದು.
"ನನಗೆ ಬಾರಿಸಲು ಬರುವುದಿಲ್ಲ."
"ಬರದಿದ್ದರೇನು."

ಎಳೆದ.
ಮೊದಲು ಬರೀ ಗಾಳಿ, ಮಗ್ಗುಲು ಬದಲಿಸಿದವರ ಉಸಿರು.
ಆಮೇಲೆ ಒಂದು ಸ್ವರ. ಅದರ ಪಕ್ಕದ್ದು.
ಹಾಡಲ್ಲ ಅದು, ಕತ್ತಲಲ್ಲಿ ಸ್ವಿಚ್ಚಿಗಾಗಿ ಗೋಡೆ ತಡಕುವುದು.
ನನ್ನ ಫೋನಿನ ಸ್ಪೀಕರು ಬಟಾಣಿಯಷ್ಟು;
ದೊಡ್ಡ ಸ್ವರಗಳು ಅದರಲ್ಲಿ ತೂರಲಾರದೆ
ಕರಕರ ಅಂದವು.
ಆದರೂ ಕಿವಿಗೊತ್ತಿ ಹಿಡಿದೆ.
ಎಷ್ಟೋ ದಿನಗಳ ಮೇಲೆ
ನನ್ನ ನಿಮಿಷದಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ.

ಆಗ ಅಂಗಡಿಯ ಬಾಗಿಲ ಗಂಟೆ.
ಯಾರೋ ಒಳಗೆ ಬಂದರು. "ಇರು," ಅಂದ ಅವನು.
ಬೂಟಿನ ಸದ್ದು. ಗಂಡಸಿನ ಕೆಮ್ಮು.
ಯಾರದು, ಏನು ಕೇಳುತ್ತಿದ್ದಾರೆ ಎಂದು
ಉಸಿರು ಹಿಡಿದೆ.

ಪೀಪ್.
ಸೊನ್ನೆ.

ಮಡಚಿದೆ ಮೆಲ್ಲಗೆ,
ಟಪ್ಪೆನ್ನದ ಹಾಗೆ,
ನಡುವೆ ಹೆಬ್ಬೆರಳಿಟ್ಟು.